ವಾರಸುದಾರನಿಲ್ಲದ ಸಿಂಹಾಸನ: ತೆರೆಯ ಮೇಲಿನ ‘ಮ್ಯಾಕ್‌ಬೆತ್’

1

ರಂಗಭೂಮಿಗಾಗಿ ರಚಿತವಾದ ಕೃತಿಯೊಂದು ಚಲನಚಿತ್ರವಾಗಿ ರೂಪಾಂತರಗೊಂಡಾಗ ನಮ್ಮ ವಿಮರ್ಶೆ ಸಾಮಾನ್ಯವಾಗಿ ಎತ್ತುವ ಪ್ರಶ್ನೆ ಒಂದೇ: ಚಿತ್ರವು ಮೂಲಕ್ಕೆ ಎಷ್ಟರಮಟ್ಟಿಗೆ ನಿಷ್ಠವಾಗಿದೆ? ತೌಲನಿಕ ಅಧ್ಯಯನದ ಹೆಸರಿನಲ್ಲಿ ಸಿದ್ಧವಾಗುವ ಪ್ರಬಂಧಗಳನ್ನು ಪರೀಕ್ಷಕರಾಗಿ ಓದುವ ಸಂದರ್ಭಗಳಲ್ಲಿ ನಾವು ಮೇಲಿಂದ ಮೇಲೆ ಕಂಡಿರುವುದು ‘ಸಾಮ್ಯಗಳು’ ಮತ್ತು ‘ವ್ಯತ್ಯಾಸಗಳು’ ಎಂಬ ಎರಡು ಅಧ್ಯಾಯಗಳನ್ನು. ಪಾತ್ರಕ್ಕೆ ಪಾತ್ರ, ಘಟನೆಗೆ ಘಟನೆ ಹೊಂದಿಸಿ ಪಟ್ಟಿ ಮಾಡಿದ ಮೇಲೆ ಸಂಶೋಧಕನ ಕೆಲಸ ಮುಗಿಯಿತೆಂಬ ಭಾವನೆ ಅಲ್ಲಿರುತ್ತದೆ. ವ್ಯತ್ಯಾಸವೇಕೆ ಅನಿವಾರ್ಯವಾಯಿತು, ಅದರಿಂದ ಕೃತಿಯ ದರ್ಶನದಲ್ಲಿ ಏನು ಬದಲಾಯಿತು ಎಂಬ ವಿಚಾರಣೆಯಾದರೋ ವಿರಳ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಸಂಕೋಚ ಇರಬೇಕಾಗಿಲ್ಲ. ನಮ್ಮ ಪ್ರಾಚೀನ ಕವಿಗಳಲ್ಲಿ ಬಹುಪಾಲು ಮಂದಿ ರೂಪಾಂತರಕಾರರೇ. ಪಂಪನ ‘ವಿಕ್ರಮಾರ್ಜುನ ವಿಜಯ’ದ ಹದಿಮೂರನೆಯ ಆಶ್ವಾಸದ ವಸ್ತುವನ್ನು ಎತ್ತಿಕೊಂಡು ರನ್ನನು ‘ಗದಾಯುದ್ಧ’ವನ್ನು ಕಟ್ಟಿದ. ಅವನು ಪಂಪನಿಗೆ ನಿಷ್ಠನಾಗಿದ್ದನೇ ಎಂದು ಯಾರೂ ಕೇಳುವುದಿಲ್ಲ. ಕಥೆಯ ಕೊನೆಯ ದಿನವನ್ನು ಕೇಂದ್ರವಾಗಿರಿಸಿ ಹಿಂದಿನದೆಲ್ಲವನ್ನೂ ಸಿಂಹಾವಲೋಕನ ಕ್ರಮದಲ್ಲಿ ನೋಡಿದ್ದರಿಂದ ದುರ್ಯೋಧನನ ಪಾತ್ರಕ್ಕೆ ಯಾವ ಹೊಸ ಘನತೆ ಬಂತೆಂಬುದನ್ನು ಕೇಳುತ್ತೇವೆ. ಇದೇ ಮಾನದಂಡವನ್ನು ಚಲನಚಿತ್ರಕ್ಕೂ ಅನ್ವಯಿಸಬಹುದೆಂಬುದು ನಮ್ಮ ನಿಲುವು. ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ಮತ್ತು ಅದನ್ನು ಆಧರಿಸಿದ ಕೆಲವು ಚಿತ್ರಗಳನ್ನು ಒಂದೇ ಒಂದು ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಹತ್ವಾಕಾಂಕ್ಷೆಯ ದುರಂತವೆಂದು ಪ್ರಸಿದ್ಧವಾಗಿರುವ ಈ ಕೃತಿಯಲ್ಲಿ ಆ ಆಕಾಂಕ್ಷೆ ಯಾರಿಗಾಗಿ ಎಂಬುದೇ ಆ ಪ್ರಶ್ನೆ.

2

ನಾಟಕ ರಚಿತವಾದದ್ದು ಸುಮಾರು 1606ರಲ್ಲಿ. ಅಚ್ಚಾದದ್ದು ಕವಿಯ ಮರಣಾನಂತರ, 1623ರ ಸಂಪುಟದಲ್ಲಿ. ವಸ್ತುವಿಗೆ ಆಕರ ಹಾಲಿನ್‌ಷೆಡ್‌ನ ಚರಿತ್ರೆ. ಅಲ್ಲಿ ಡಂಕನ್ ದುರ್ಬಲ ಅರಸು. ಬ್ಯಾಂಕೋ ಕೊಲೆಯಲ್ಲಿ ಸಹಭಾಗಿ. ಷೇಕ್ಸ್‌ಪಿಯರ್ ಡಂಕನ್‌ನನ್ನು ಸಾಧುವಾಗಿಸಿದ, ಬ್ಯಾಂಕೋನನ್ನು ನಿರ್ದೋಷಿಯಾಗಿಸಿದ. 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇರಿದ್ದ ಜೇಮ್ಸ್ ದೊರೆ ಬ್ಯಾಂಕೋನ ವಂಶದವನೆಂಬ ನಂಬಿಕೆ ಅಂದು ಪ್ರಚಲಿತವಾಗಿತ್ತು. ಆಶ್ರಯದಾತನ ಮೂಲಪುರುಷನನ್ನು ಎತ್ತರಿಸುತ್ತಲೇ ಅವನ ವೈರಿಗೆ ಕಾವ್ಯದ ಸರ್ವಸ್ವವನ್ನೂ ಧಾರೆಯೆರೆಯುವ ಈ ಕ್ರಮ ರನ್ನನನ್ನು ಓದಿದವರಿಗೆ ಅಪರಿಚಿತವಲ್ಲ. ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ, ಕೊನೆಗೆ ಭೀಮನಿಗೇ ಪಟ್ಟವನ್ನೂ ಕಟ್ಟಿದ ರನ್ನ ನಮ್ಮ ಕಣ್ಣೀರನ್ನು ಮಾತ್ರ ದುರ್ಯೋಧನನಿಗೆ ಮೀಸಲಿಟ್ಟ.

ಬ್ಯಾಂಕೋನ ವಂಶವೆಂಬ ಈ ಸಂಗತಿಯೇ ನಾಟಕದ ನಡುವಿನ ಮುಳ್ಳು. ಜಕ್ಕಿಣಿಯರು ಮ್ಯಾಕ್‌ಬೆತ್‌ನಿಗೆ ಅರಸುತನವನ್ನು ನುಡಿಯುತ್ತಾರೆ; ಬ್ಯಾಂಕೋನಿಗೆ ಅರಸರ ಸಂತತಿಯನ್ನು ನುಡಿಯುತ್ತಾರೆ. ಕಿರೀಟ ಕೈಗೆ ಬಂದ ಮೇಲೆ ಮ್ಯಾಕ್‌ಬೆತ್‌ನನ್ನು ಕೊರೆಯುವುದು ಮೊದಲ ಕೊಲೆಯ ಪಾಪಕ್ಕಿಂತ ಹೆಚ್ಚಾಗಿ ಎರಡನೆಯ ನುಡಿ. ತನ್ನ ಆತ್ಮವನ್ನು ಮಾರಿಕೊಂಡದ್ದು ಬೇರೊಬ್ಬನ ಮಕ್ಕಳಿಗಾಗಿಯೇ ಎಂಬ ಅರಿವಿನಿಂದಲೇ ಅವನು ಬ್ಯಾಂಕೋನ ಮೇಲೂ ಅವನ ಎಳೆಯ ಮಗನ ಮೇಲೂ ಕೊಲೆಗಡುಕರನ್ನು ಕಳುಹಿಸುತ್ತಾನೆ. ತಂದೆ ಸಾಯುತ್ತಾನೆ, ಮಗ ತಪ್ಪಿಸಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಮ್ಯಾಕ್‌ಬೆತ್‌ನ ಹಿಂಸೆ ಮಕ್ಕಳತ್ತಲೇ ತಿರುಗುತ್ತದೆ. ಮ್ಯಾಕ್‌ಡಫ್‌ನ ಮನೆಯಲ್ಲಿ ಅದು ಪರಾಕಾಷ್ಠೆಯನ್ನು ಮುಟ್ಟುತ್ತದೆ.

ಹಾಗಾದರೆ ಮ್ಯಾಕ್‌ಬೆತ್ ದಂಪತಿಗಳಿಗೆ ಮಕ್ಕಳಿದ್ದರೇ? ತಾನು ಮಗುವಿಗೆ ಮೊಲೆಯೂಡಿದವಳೆಂದು ಲೇಡಿ ಮ್ಯಾಕ್‌ಬೆತ್ ಹೇಳುತ್ತಾಳೆ. ತನ್ನ ಮಕ್ಕಳ ಕೊಲೆಯ ಸುದ್ದಿ ಕೇಳಿದ ಮ್ಯಾಕ್‌ಡಫ್ ‘ಅವನಿಗೆ’ ಮಕ್ಕಳಿಲ್ಲವೆನ್ನುತ್ತಾನೆ. ಆ ‘ಅವನು’ ಯಾರೆಂಬುದರಲ್ಲೇ ವಿದ್ವಾಂಸರಿಗೆ ಒಮ್ಮತವಿಲ್ಲ. ಚರಿತ್ರೆಯಲ್ಲಿ ಉತ್ತರವಿದೆ. 1040ರಿಂದ 1057ರವರೆಗೆ ಸ್ಕಾಟ್ಲೆಂಡನ್ನು ಆಳಿದ ಮ್ಯಾಕ್‌ಬೆತ್‌ನ ಪತ್ನಿ ಗ್ರೂವಖ್‌ಗೆ ಮೊದಲ ಮದುವೆಯಿಂದ ಲುಲಾಖ್ ಎಂಬ ಮಗನಿದ್ದ. ಮಲತಂದೆಯ ಅನಂತರ ಆತ ಅಲ್ಪಕಾಲ ಅರಸನೂ ಆದ. ಆದರೆ ನಾಟಕದಲ್ಲಿ ಲುಲಾಖ್ ಇಲ್ಲ. 1933ರಲ್ಲಿ ಎಲ್. ಸಿ. ನೈಟ್ಸ್ ಲೇಡಿ ಮ್ಯಾಕ್‌ಬೆತ್‌ಳಿಗೆ ಮಕ್ಕಳೆಷ್ಟು ಎಂಬುದನ್ನೇ ಶೀರ್ಷಿಕೆಯಾಗಿಸಿ ಬರೆದ ಪ್ರಸಿದ್ಧ ಪ್ರಬಂಧದ ಉದ್ದೇಶ ಇಂತಹ ಪ್ರಶ್ನೆಗಳನ್ನು ಗೇಲಿ ಮಾಡುವುದೇ ಆಗಿತ್ತು. ನಾಟಕವು ಕಾವ್ಯ, ಅದರ ಪಾತ್ರಗಳಿಗೆ ಪುಟದಾಚೆಗೆ ಬದುಕಿಲ್ಲ ಎಂಬುದು ಆತನ ವಾದ.

ರಂಗಕೃತಿಯ ಮಟ್ಟಿಗೆ ನೈಟ್ಸ್‌ನ ಎಚ್ಚರಿಕೆ ಸಾಧುವಾದದ್ದೇ. ಮಾತಿನಲ್ಲಿ ಮಾತ್ರ ಇರುವ ಮಗು ಮಾತಿನಲ್ಲೇ ಇದ್ದು ಪರಿಣಾಮ ಬೀರಬಲ್ಲದು. ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಅದು ವ್ಯಂಗ್ಯಾರ್ಥವಾಗಿ ನಿಲ್ಲಬಲ್ಲದು. ಆದರೆ ಕ್ಯಾಮೆರಾಕ್ಕೆ ಈ ಸ್ವಾತಂತ್ರ್ಯ ಕಡಿಮೆ. ಮನೆ, ಮಂಚ, ತೊಟ್ಟಿಲು, ಹೆಂಡತಿಯ ವಯಸ್ಸು ಇವೆಲ್ಲ ತೆರೆಯ ಮೇಲೆ ಕಾಣಿಸಿಕೊಳ್ಳಲೇಬೇಕು. ಆದ್ದರಿಂದ ವಿಮರ್ಶಕ ಅಸಂಗತವೆಂದು ತಳ್ಳಿಹಾಕಿದ ಪ್ರಶ್ನೆಗೆ ನಿರ್ದೇಶಕ ಒಂದಲ್ಲ ಒಂದು ಉತ್ತರವನ್ನು ಕೊಡಬೇಕಾಗುತ್ತದೆ. ಆ ಉತ್ತರದಲ್ಲೇ ಮಹತ್ವಾಕಾಂಕ್ಷೆಯ ಬಗೆಗಿನ ಅವನ ದೃಷ್ಟಿಯೂ ಅಡಗಿರುತ್ತದೆ.

3

ಉತ್ತರಗಳನ್ನು ನೋಡುವ ಮುನ್ನ ರಂಗಕ್ಕೂ ತೆರೆಗೂ ಇರುವ ಮತ್ತೆರಡು ಅಂತರಗಳನ್ನು ಸಂಕ್ಷೇಪವಾಗಿ ಗಮನಿಸಬೇಕು. ಮೊದಲನೆಯದು ಸ್ವಗತ. ರಂಗದ ಮೇಲೆ ನಟ ಪ್ರೇಕ್ಷಕರತ್ತ ತಿರುಗಿ ತನ್ನ ಅಂತರಂಗವನ್ನು ನುಡಿಯಬಹುದು. ಕೊಲೆಗಾರನೊಬ್ಬ ನಮ್ಮ ಅನುಕಂಪಕ್ಕೆ ಪಾತ್ರನಾಗುವುದು ಬಹುಮಟ್ಟಿಗೆ ಈ ಆಪ್ತತೆಯಿಂದಲೇ. ಆರ್ಸನ್ ವೆಲ್ಸ್ (1948) ಮತ್ತು ರೋಮನ್ ಪೊಲಾನ್‌ಸ್ಕಿ (1971) ಸ್ವಗತದ ಹಲವು ಭಾಗಗಳನ್ನು ತುಟಿಯಲುಗದ ಮುಖದ ಮೇಲೆ ಹಿನ್ನೆಲೆಯ ದನಿಯಾಗಿ ಹರಿಸಿದರು. ಮನಸ್ಸಿನ ಮಾತು ಮನಸ್ಸಿನಲ್ಲೇ ಉಳಿದಂತೆ ತೋರುವ ಈ ಉಪಾಯ ಸಹಜವಾದದ್ದು. ಆದರೆ ಮಾತನ್ನು ಆಡುತ್ತ ಆಡುತ್ತಲೇ ತನ್ನನ್ನು ಕಂಡುಕೊಳ್ಳುವ ನಾಯಕನ ಕ್ರಿಯೆ ಇದರಲ್ಲಿ ಮಂಕಾಗುತ್ತದೆ.

ಎರಡನೆಯದು ಕೊಲೆ. ಡಂಕನ್‌ನ ಕೊಲೆ ನಾಟಕದಲ್ಲಿ ನೇಪಥ್ಯದಲ್ಲಿ ನಡೆಯುತ್ತದೆ. ರಂಗದ ಮೇಲೆ ವಧೆಯನ್ನು ತೋರಿಸಬಾರದೆಂಬ ನಮ್ಮ ನಾಟ್ಯಸಂಪ್ರದಾಯದ ವಿಧಿಯನ್ನು ಬಲ್ಲವರಿಗೆ ಇದರ ಔಚಿತ್ಯ ಕೂಡಲೇ ಹೊಳೆಯುತ್ತದೆ. ಪೊಲಾನ್‌ಸ್ಕಿ ಅದನ್ನು ತೆರೆಯ ಮೇಲೆಯೇ ನಡೆಸಿದ. ಅವನ ಚಿತ್ರದಲ್ಲಿ ಹಿಂಸೆಗೆ ಒಂದು ದಿನಚರಿಯ ಗುಣವಿದೆ. ಕೊನೆಯಲ್ಲಿ ಹೊಸ ಅರಸನ ತಮ್ಮನೂ ಜಕ್ಕಿಣಿಯರ ಗುಹೆಯನ್ನು ಅರಸಿಕೊಂಡು ಹೋಗುತ್ತಾನೆ. ದರ್ಶನ ಕ್ರೂರವಾದರೂ ಸುಸಂಗತವಾದದ್ದು. ಆದರೆ ರಕ್ತವನ್ನು ಕಣ್ಣಾರೆ ಕಂಡ ಮೇಲೆ ಲೇಡಿ ಮ್ಯಾಕ್‌ಬೆತ್ ಮುಂದೆ ತನ್ನ ಕೈಯಲ್ಲಿ ಕಾಣುವ, ಇಲ್ಲದ ರಕ್ತದ ಕಲೆ ತನ್ನ ಭಯಂಕರತೆಯನ್ನು ಕೊಂಚ ಕಳೆದುಕೊಳ್ಳುತ್ತದೆ.

4

ಅಕಿರಾ ಕುರೊಸಾವಾನ ‘ಕುಮೊನೊಸು-ಜೋ’ (ಜೇಡರಬಲೆಯ ಕೋಟೆ, 1957) ಷೇಕ್ಸ್‌ಪಿಯರ್‌ನ ಒಂದು ಸಾಲನ್ನೂ ಬಳಸಿಕೊಂಡಿಲ್ಲ. ಆದರೂ ಈ ನಾಟಕವನ್ನು ಆಧರಿಸಿದ ಚಿತ್ರಗಳಲ್ಲಿ ಅಗ್ರಗಣ್ಯವೆಂಬ ಮನ್ನಣೆಯನ್ನು ಪಡೆದಿದೆ. ಕಥೆ ಜಪಾನಿನ ಅಂತರ್ಯುದ್ಧಗಳ ಕಾಲಕ್ಕೆ ಸರಿದಿದೆ. ನಾಯಕ ವಾಶಿಜು (ತೊಶಿರೊ ಮಿಫುನೆ), ಅವನ ಪತ್ನಿ ಅಸಾಜಿ (ಇಸುಜು ಯಮಾದಾ). ಮೂವರು ಜಕ್ಕಿಣಿಯರ ಸ್ಥಾನದಲ್ಲಿ ಕಾಡಿನ ನಡುವೆ ರಾಟೆ ತಿರುಗಿಸುತ್ತ ಕುಳಿತ ಒಂದು ಪ್ರೇತ. ಅಭಿನಯವು ‘ನೋ’ ರಂಗಪರಂಪರೆಯನ್ನು ಅನುಸರಿಸಿದೆ. ಮುಖವಾಡದಂತೆ ನಿಶ್ಚಲವಾದ ಅಸಾಜಿಯ ಮುಖ, ಅವಳು ನಡೆದಾಗ ಕೇಳುವ ರೇಷ್ಮೆಯುಡುಪಿನ ಸರಸರ ಶಬ್ದ, ಇವು ನೂರು ಮಾತುಗಳ ಕೆಲಸವನ್ನು ಮಾಡುತ್ತವೆ. ಕೊಲೆಯ ರಾತ್ರಿ ಕ್ಯಾಮೆರಾ ವಾಶಿಜುವಿನ ಹಿಂದೆ ಹೋಗದೆ ಕಾಯುತ್ತಿರುವ ಅಸಾಜಿಯ ಬಳಿಯೇ ಉಳಿಯುತ್ತದೆ. ಅವನು ಮರಳಿದಾಗ ಕೈಯಲ್ಲಿ ನೆತ್ತರು ಹತ್ತಿದ ಈಟಿಯಿರುತ್ತದೆ. ನೇಪಥ್ಯದ ಮರ್ಯಾದೆಯನ್ನು ತೆರೆಯ ಮೇಲೂ ಕಾಯ್ದುಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ನಮ್ಮ ಪ್ರಶ್ನೆಗೆ ಸಂಬಂಧಿಸಿದಂತೆ ಕುರೊಸಾವಾ ಮಾಡಿದ ಬದಲಾವಣೆ ಸೂಕ್ಷ್ಮವಾದದ್ದು. ಮಕ್ಕಳಿಲ್ಲದ ವಾಶಿಜು, ಗೆಳೆಯ ಮಿಕಿಯ ಮಗನನ್ನೇ ಉತ್ತರಾಧಿಕಾರಿಯನ್ನಾಗಿ ಮಾಡಲು ಸಿದ್ಧನಾಗಿರುತ್ತಾನೆ. ಭವಿಷ್ಯವಾಣಿಯೂ ನಿಜವಾಗುತ್ತದೆ, ಸ್ನೇಹವೂ ಉಳಿಯುತ್ತದೆ. ಆಗ ಅಸಾಜಿ ತಾನು ಗರ್ಭಿಣಿಯೆಂದು ತಿಳಿಸುತ್ತಾಳೆ. ಆ ಒಂದು ಮಾತು ಮಿಕಿಯ ಮರಣಶಾಸನವಾಗುತ್ತದೆ. ಮುಂದೆ ಮಗು ಸತ್ತೇ ಹುಟ್ಟುತ್ತದೆ. ಅಸಾಜಿ ಬುದ್ಧಿಭ್ರಮಣೆಗೊಳಗಾಗಿ ಕೈತೊಳೆಯುತ್ತ ಕುಳಿತುಬಿಡುತ್ತಾಳೆ. ನಾಟಕದಲ್ಲಿ ಮ್ಯಾಕ್‌ಬೆತ್ ಸಂತಾನವಿಲ್ಲದ ಕಹಿಯಿಂದ ಬ್ಯಾಂಕೋನನ್ನು ಕೊಲ್ಲಿಸಿದರೆ, ಇಲ್ಲಿ ವಾಶಿಜು ಸಂತಾನದ ಆಸೆಯಿಂದ ಮಿಕಿಯನ್ನು ಕೊಲ್ಲಿಸುತ್ತಾನೆ. ಮೂಲದಲ್ಲಿ ಎರಡನೆಯ ಕೊಲೆ ಅಸೂಯೆಯದು. ಇಲ್ಲಿ ಅದು ತಂದೆಯೊಬ್ಬನ ‘ಕರ್ತವ್ಯ’ದ ವೇಷ ತೊಡುತ್ತದೆ. ತಾನು ಕೊಲ್ಲಲಿರುವ ಪ್ರಭುವೂ ತನ್ನ ಹಿಂದಿನವನನ್ನು ಕೊಂದೇ ಅಧಿಕಾರ ಹಿಡಿದವನೆಂದು ಅಸಾಜಿ ಮೊದಲೇ ನೆನಪಿಸಿರುತ್ತಾಳೆ. ಮಹತ್ವಾಕಾಂಕ್ಷೆ ಒಬ್ಬನ ಚಿತ್ತದೋಷವಾಗಿ ಉಳಿಯದೆ ತಲೆಮಾರಿನಿಂದ ತಲೆಮಾರಿಗೆ ಸುತ್ತುವ ಚಕ್ರವಾಗುತ್ತದೆ. ಪ್ರೇತದ ಕೈಯಲ್ಲಿ ರಾಟೆಯಿರುವುದು ಆಕಸ್ಮಿಕವಲ್ಲ. ಚಿತ್ರ ತೆರೆದುಕೊಳ್ಳುವುದೂ ಮುಚ್ಚಿಕೊಳ್ಳುವುದೂ ಮಂಜಿನ ನಡುವೆ, ಒಂದಾನೊಂದು ಕಾಲದಲ್ಲಿ ಅಲ್ಲಿ ಕೋಟೆಯಿತ್ತೆಂದು ಸಾರುವ ಗುರುತಿನ ಕಂಬದ ಎದುರು.

ಇಷ್ಟಾದರೂ ಈ ಚಿತ್ರದಲ್ಲಿ ಒಂದು ನಷ್ಟವಿದೆಯೆಂಬುದನ್ನು ಹೇಳದಿರಲಾಗದು. ವಾಶಿಜುವಿಗೆ ಸ್ವಗತವಿಲ್ಲ. ತನ್ನ ಸೈನಿಕರೇ ಎಸೆದ ಬಾಣಗಳಿಗೆ ಸಿಕ್ಕಿ ಅವನು ಸಾಯುವ ದೃಶ್ಯ ಅಸಾಧಾರಣವಾದದ್ದು. ಆದರೆ ಸಾಯುವವನಿಗೆ ತಾನೇನು ಕಳೆದುಕೊಂಡೆನೆಂಬ ಅರಿವು ಬಂದಂತೆ ನಮಗೆ ತೋರುವುದಿಲ್ಲ. ಭಯಾನಕವೂ ಅದ್ಭುತವೂ ಇಲ್ಲಿ ಪರಿಪುಷ್ಟವಾಗಿವೆ, ಕರುಣವಲ್ಲ.

5

ವಿಶಾಲ್ ಭಾರದ್ವಾಜರ ‘ಮಕ್ಬೂಲ್’ (2003ರಲ್ಲಿ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಗಿ 2004ರಲ್ಲಿ ಬಿಡುಗಡೆಯಾಯಿತು) ಕಥೆಯನ್ನು ಮುಂಬಯಿಯ ಭೂಗತ ಲೋಕಕ್ಕೆ ತಂದಿತು. ಅರಸನ ಸ್ಥಾನದಲ್ಲಿ ಅಬ್ಬಾಜಿ (ಪಂಕಜ್ ಕಪೂರ್), ಅವನ ಬಲಗೈಯಂತಿರುವ ಮಕ್ಬೂಲ್ (ಇರ್ಫಾನ್ ಖಾನ್). ಪಂಡಿತ್ ಮತ್ತು ಪುರೋಹಿತ್ (ಓಂ ಪುರಿ, ನಾಸಿರುದ್ದೀನ್ ಷಾ) ಎಂಬ ಇಬ್ಬರು ಪೊಲೀಸರು ಜಕ್ಕಿಣಿಯರಾಗಿದ್ದಾರೆ. ಮಳೆಯ ರಾತ್ರಿ, ವಾಹನದ ಮಬ್ಬಿದ ಗಾಜಿನ ಮೇಲೆ ಬೆರಳಿನಿಂದ ಜಾತಕದ ಕುಂಡಲಿಯನ್ನು ಬರೆಯುವುದರೊಂದಿಗೆ ಅವರ ಪ್ರವೇಶ. ನಾಟಕದ ಜಕ್ಕಿಣಿಯರು ನುಡಿದು ಮರೆಯಾಗುತ್ತಾರೆ. ಇವರು ನುಡಿದದ್ದು ಸಂಭವಿಸುವಂತೆ ನಡುನಡುವೆ ಕೈಯನ್ನೂ ಆಡಿಸುತ್ತಾರೆ. ಬಲಗಳ ನಡುವೆ ಸಮತೋಲನವಿರಬೇಕೆಂಬುದು ಅವರ ಸಿದ್ಧಾಂತ. ವಿಧಿಯನ್ನು ಹೀಗೆ ಪ್ರಭುತ್ವದ ಕೈಗೆ ಕೊಟ್ಟದ್ದು ಈ ಚಿತ್ರಕಥೆಯ ದೊಡ್ಡ ಹೊಳಹು. ಬರ್ನಮ್ ವನದ ಬದಲಿಗೆ ಇಲ್ಲಿ ಕಡಲೇ ಮನೆಗೆ ಬರಬೇಕೆಂಬ ನುಡಿಯಿರುವುದೂ ಕಡಲಂಚಿನ ನಗರಕ್ಕೆ ಉಚಿತವಾದದ್ದು.

ಇನ್ನು ಸಂತಾನದ ಪ್ರಶ್ನೆ. ಅಬ್ಬಾಜಿಗೆ ಗಂಡುಮಕ್ಕಳಿಲ್ಲ, ಮಗನಂತೆ ಬೆಳೆದ ಮಕ್ಬೂಲನಿದ್ದಾನೆ, ಸಮೀರಾ ಎಂಬ ಮಗಳಿದ್ದಾಳೆ. ಬ್ಯಾಂಕೋನನ್ನು ಹೋಲುವ ಕಾಕಾನ ಮಗ ಗುಡ್ಡು ಸಮೀರಾಳನ್ನು ಪ್ರೀತಿಸುತ್ತಾನೆ. ನಾಟಕದಲ್ಲಿ ಬೇರೆ ಬೇರೆಯಾಗಿದ್ದ ಎರಡು ಹಕ್ಕುಗಳು, ಅರಸನ ಸಂತತಿ ಮತ್ತು ಬ್ಯಾಂಕೋನ ಸಂತತಿ, ಒಂದು ಮದುವೆಯಲ್ಲಿ ಕೂಡಿಬಿಡುತ್ತವೆ. ಮುಂದೆ ಗುಡ್ಡುವಿನ ಅಧೀನದಲ್ಲಿ ಇರಬೇಕಾದೀತೆಂಬ ಮಾತಿನಿಂದಲೇ ನಿಮ್ಮಿ (ತಬು) ಮಕ್ಬೂಲನನ್ನು ಕೆರಳಿಸುತ್ತಾಳೆ. ಈ ನಿಮ್ಮಿ ಮಕ್ಬೂಲನ ಹೆಂಡತಿಯಲ್ಲ; ಅಬ್ಬಾಜಿಯ ಇಟ್ಟುಕೊಂಡವಳು. ಹೀಗಾಗಿ ಕೊಲೆ ಒಮ್ಮೆಗೇ ಪಿತೃಹತ್ಯೆಯೂ ಪ್ರಣಯಾಪರಾಧವೂ ಆಗುತ್ತದೆ. ನಿಮ್ಮಿ ಗರ್ಭಿಣಿಯಾದಾಗ ಆ ಮಗು ಯಾರದೆಂಬ ಸಂಶಯ ಮಕ್ಬೂಲನನ್ನು ತಿನ್ನತೊಡಗುತ್ತದೆ. ಕೊಂದವನ ವಾರಸುದಾರನೋ, ಸತ್ತವನ ವಾರಸುದಾರನೋ? ಈ ಸಂಶಯವನ್ನು ಚಿತ್ರ ಪರಿಹರಿಸುವುದಿಲ್ಲ. ಪರಿಹರಿಸದಿರುವುದೇ ಅದರ ವಿವೇಕ.

ಕೊನೆಯ ದೃಶ್ಯದಲ್ಲಿ ನಿಮ್ಮಿ ತೀರಿಕೊಂಡಿದ್ದಾಳೆ. ಮಗುವನ್ನು ಒಯ್ಯಲೆಂದು ಆಸ್ಪತ್ರೆಗೆ ಬಂದ ಮಕ್ಬೂಲ್ ಗಾಜಿನಾಚೆ ಸಮೀರಾ ಮತ್ತು ಗುಡ್ಡು ಆ ಮಗುವನ್ನು ಎತ್ತಿಕೊಂಡಿರುವುದನ್ನು ಕಾಣುತ್ತಾನೆ. ಅವನು ಕೊಂದವರ ಮಕ್ಕಳು ಅವನ ಮಗುವನ್ನು ಎದೆಗವಚಿಕೊಂಡಿದ್ದಾರೆ. ಅವನ ಕೈಯಿಂದ ಪಿಸ್ತೂಲು ಜಾರುತ್ತದೆ. ಹೊರನಡೆದವನು ಬೋಟಿಯ ಗುಂಡಿಗೆ ಬಲಿಯಾಗುತ್ತಾನೆ. ನಾಟಕದ ಮ್ಯಾಕ್‌ಬೆತ್ ಎಲ್ಲ ಆಸೆಯೂ ಮುಗಿದ ಮೇಲೆ ಕತ್ತಿ ಹಿಡಿದೇ ಸಾಯುತ್ತಾನೆ. ಮಕ್ಬೂಲ್ ಆಯುಧವನ್ನು ಬಿಟ್ಟು ಸಾಯುತ್ತಾನೆ. ಷೇಕ್ಸ್‌ಪಿಯರ್‌ನಲ್ಲಿಲ್ಲದ ಈ ದೃಶ್ಯ ದುರಂತದ ತಿರುಳಾದ ಅರಿವಿನ ಗಳಿಗೆಯನ್ನು ಮಾತಿಲ್ಲದೆ ಸಾಧಿಸಿದೆ. ಸ್ವಗತಕ್ಕೆ ತೆರೆಯ ಮೇಲೆ ನಿಜವಾದ ಸಮಾನಾರ್ಥಕವಿದ್ದರೆ ಅದು ಹಿನ್ನೆಲೆಯ ದನಿಯಲ್ಲ, ಇಂತಹ ಒಂದು ನೋಟ.

ಆದರೆ ಈ ಲಾಭಕ್ಕೆ ತೆತ್ತ ಬೆಲೆಯೂ ಇದೆ. ಮಕ್ಬೂಲನ ಅಧಿಕಾರದಾಹವು ನಿಮ್ಮಿಯ ಮೇಲಿನ ಮೋಹದಲ್ಲಿ ಕರಗಿಹೋಗಿ, ಅವನು ಪ್ರೇಮಿಯಾಗಿ ಕಾಣುವಷ್ಟು ಸ್ಪಷ್ಟವಾಗಿ ಆಳಬಯಸುವವನಾಗಿ ಕಾಣುವುದಿಲ್ಲ. ಗದ್ದುಗೆಯೇರಿದ ಮೇಲೆ ಅವನು ಏನನ್ನು ಆಳಬಯಸಿದ್ದನೆಂಬುದು ನಮಗೆ ತಿಳಿಯದೆಯೇ ಉಳಿಯುತ್ತದೆ.

6

ದಿಲೀಶ್ ಪೋತನ್ ನಿರ್ದೇಶಿಸಿ ಶ್ಯಾಮ್ ಪುಷ್ಕರನ್ ಬರೆದ ಮಲಯಾಳಂ ಚಿತ್ರ ‘ಜೋಜಿ’ (2021) ‘ಮ್ಯಾಕ್‌ಬೆತ್’ನಿಂದ ಪ್ರೇರಿತವೆಂದು ತಾನೇ ಹೇಳಿಕೊಂಡಿದೆ. ಅಲ್ಲಿ ಜಕ್ಕಿಣಿಯರಿಲ್ಲ, ಭವಿಷ್ಯವಾಣಿಯಿಲ್ಲ, ರಾಜ್ಯವೂ ಇಲ್ಲ; ಇರುವುದು ರಬ್ಬರ್ ತೋಟದ ನಡುವಿನ ಒಂದು ಮನೆ, ಆಸ್ತಿಯ ಕೀಲಿಯನ್ನು ಬಿಗಿಹಿಡಿದ ಕುಟ್ಟಪ್ಪನ್ ಎಂಬ ಯಜಮಾನ, ಮೂವರು ಮಕ್ಕಳು. ಕಿರಿಯವನಾದ ಜೋಜಿ (ಫಹಾದ್ ಫಾಸಿಲ್) ಅವಿವಾಹಿತ. ಲೇಡಿ ಮ್ಯಾಕ್‌ಬೆತ್‌ಳ ಸ್ಥಾನದಲ್ಲಿರುವುದು ಅವನ ಅತ್ತಿಗೆ ಬಿನ್ಸಿ (ಉಣ್ಣಿಮಾಯಾ ಪ್ರಸಾದ್). ಅವಳು ಪ್ರಚೋದಿಸುವುದಕ್ಕಿಂತ ಹೆಚ್ಚಾಗಿ ಕಂಡೂ ಸುಮ್ಮನಿರುತ್ತಾಳೆ. ಹಾಸಿಗೆ ಹಿಡಿದ ತಂದೆಯ ಔಷಧಿ ಬದಲಾಗುತ್ತದೆ. ಕಠಾರಿಯ ಕೆಲಸವನ್ನು ಮಾತ್ರೆಯೊಂದು ಮಾಡುತ್ತದೆ.

ಇಲ್ಲಿ ಜೋಜಿಗೆ ಮಗುವಿನ ಹಂಬಲವೇ ಇಲ್ಲ. ಅವನ ಆಕಾಂಕ್ಷೆಗೆ ಮುಂದಿನ ತಲೆಮಾರೆಂಬುದಿಲ್ಲ; ತಂದೆಯಿಂದ ಬಿಡುಗಡೆ, ಕೈಯಲ್ಲಿ ಹಣ, ಇಷ್ಟೇ. ಆದರೂ ಮಗು ಚಿತ್ರದಿಂದ ಮಾಯವಾಗಿಲ್ಲ. ಕಥೆ ಆರಂಭವಾಗುವುದು ಹಿರಿಯಣ್ಣನ ಮಗ ಪೋಪಿ ತರಿಸಿಕೊಂಡ ಗಾಳಿಬಂದೂಕಿನ ಪೊಟ್ಟಣ ಮನೆ ತಲುಪುವುದರಿಂದ. ಅದೇ ಬಂದೂಕು ಮುಂದೆ ಅವನ ತಂದೆಯ ಕೊಲೆಯಲ್ಲಿ ಸಾಧನವಾಗುತ್ತದೆ. ನಾಟಕದ ಫ್ಲಿಯಾನ್ಸ್‌ನಂತೆ ಮಗ ಉಳಿಯುತ್ತಾನೆ, ತಂದೆ ಅಳಿಯುತ್ತಾನೆ. ಜೋಜಿಯಾದರೋ ಸಾಯಲು ಯತ್ನಿಸಿ, ಸಾಯಲಾರದೆ, ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಮಾತ್ರ ಆಡುವ ಸ್ಥಿತಿಯಲ್ಲಿ ಉಳಿದುಬಿಡುತ್ತಾನೆ. ಇದು ರುದ್ರವೇ, ವಿಡಂಬನೆಯೇ? ಪಾಪಪ್ರಜ್ಞೆಯಿಲ್ಲದವನ ಪತನಕ್ಕೆ ದುರಂತವೆಂಬ ಹೆಸರು ಸಲ್ಲುವುದೇ ಎಂಬ ಸಂದೇಹ ನಮಗಿದೆ. ಆದರೆ ಆ ಸಂದೇಹವನ್ನು ಹುಟ್ಟಿಸುವುದೇ ಚಿತ್ರದ ಉದ್ದೇಶವಾಗಿದ್ದಿರಬಹುದು. ನಾಯಕನ ಎತ್ತರವಿಲ್ಲದ ಕಾಲದಲ್ಲಿ ಪತನಕ್ಕೂ ಆಳವಿರುವುದಿಲ್ಲವೆಂದು ಅದು ಹೇಳುತ್ತಿರುವಂತಿದೆ.

ಪಾಶ್ಚಾತ್ಯ ನಿರ್ದೇಶಕರೂ ಇತ್ತೀಚೆಗೆ ಈ ಪ್ರಶ್ನೆಯನ್ನು ಬಿಟ್ಟಿಲ್ಲ. ಜಸ್ಟಿನ್ ಕರ್ಜೆಲ್‌ನ ಚಿತ್ರ (2015) ಮ್ಯಾಕ್‌ಬೆತ್ ದಂಪತಿಗಳ ಮಗುವಿನ ಅಂತ್ಯಕ್ರಿಯೆಯಿಂದಲೇ ತೊಡಗುತ್ತದೆ. ಜೋಯೆಲ್ ಕೋಎನ್‌ನ ಚಿತ್ರ (2021) ವಯಸ್ಸು ಮೀರಿದ ದಂಪತಿಗಳನ್ನು ನಿಲ್ಲಿಸಿ, ಕಿರೀಟವೇ ಅವರ ಬಾಳಿನ ಕೊನೆಯ ಅವಕಾಶವೆಂಬಂತೆ ಚಿತ್ರಿಸುತ್ತದೆ. ಮೊದಲನೆಯದು ಆಕಾಂಕ್ಷೆಗೆ ದುಃಖವನ್ನು ಕಾರಣವಾಗಿ ಕೊಡುತ್ತದೆ. ಕಾರಣ ಅತಿಯಾಗಿ ಸ್ಪಷ್ಟವಾದದ್ದರಿಂದ ನಾಯಕನ ಹೊಣೆ ಹಗುರವಾಗುತ್ತದೆ. ಎರಡನೆಯದು ಹೆಚ್ಚು ಸಂಯಮವುಳ್ಳದ್ದು.

7

ಈ ಪರಿಶೀಲನೆಯಿಂದ ಕನ್ನಡ ಸಂಶೋಧನೆಗೆ ಏನು ಪ್ರಯೋಜನ ಎಂದು ಕೇಳಬಹುದು. ಈ ನಾಟಕದೊಂದಿಗೆ ಕನ್ನಡದ ನಂಟು ಹಳೆಯದು. ಎಂ. ಎಲ್. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ 1895ರಷ್ಟು ಹಿಂದಿನದು. ಡಿ. ವಿ. ಗುಂಡಪ್ಪನವರೂ ರಾಮಚಂದ್ರದೇವರೂ ನಾಟಕವನ್ನು ಅನುವಾದಿಸಿದ್ದಾರೆ. ಎಚ್. ಎಸ್. ಶಿವಪ್ರಕಾಶರ ‘ಮಾರನಾಯಕ’ ಅದನ್ನು ನಮ್ಮ ನೆಲಕ್ಕೆ ತಂದಿದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗಾಗಿ 1979ರಲ್ಲಿ ಬಿ. ವಿ. ಕಾರಂತರು ರಘುವೀರ್ ಸಹಾಯರ ಹಿಂದೀ ಅನುವಾದವನ್ನು ಯಕ್ಷಗಾನದ ಶೈಲಿಯಲ್ಲಿ ‘ಬರ್ನಮ್ ವನ’ವಾಗಿ ಆಡಿಸಿದರು, ಹೊರನಾಡಿನಲ್ಲಿ ಕನ್ನಡ ರಂಗಪರಂಪರೆ ಪಡೆದ ರೂಪಗಳಲ್ಲಿ ಅದೂ ಒಂದು. ಅಭಯ ಸಿಂಹರ ತುಳು ಚಿತ್ರ ‘ಪಡ್ಡಾಯಿ’ ಕಥೆಯನ್ನು ಕರಾವಳಿಯ ಮೀನುಗಾರರ ಬದುಕಿಗೆ ಅಳವಡಿಸಿ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಇವೆಲ್ಲವನ್ನೂ ಸಾಮ್ಯ-ವ್ಯತ್ಯಾಸಗಳ ಪಟ್ಟಿಯಾಚೆಗೆ ಒಯ್ದು, ಒಂದು ಪ್ರಶ್ನೆಯ ಸುತ್ತ ಜೋಡಿಸಿ ಓದುವ ಕೆಲಸ ಆಗಬೇಕಾಗಿದೆ. ಮುಂಬಯಿ, ದೆಹಲಿ, ಹೈದರಾಬಾದು, ಚೆನ್ನೈಗಳಲ್ಲಿರುವ ನಮ್ಮ ಸಂಶೋಧಕರು ಎರಡು ಮೂರು ಭಾಷೆಗಳ ಚಿತ್ರಗಳನ್ನು ಉಪಶೀರ್ಷಿಕೆಯ ಹಂಗಿಲ್ಲದೆ ನೋಡಬಲ್ಲವರಾದ್ದರಿಂದ ಈ ಕೆಲಸಕ್ಕೆ ಅವರೇ ಯೋಗ್ಯರು.

ಅಂತಹ ಓದಿಗೆ ನಮ್ಮ ಹಳೆಯ ಕಾವ್ಯವೂ ನೆರವಾಗಬಲ್ಲದು. ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ರನ್ನನ ದುರ್ಯೋಧನ ದ್ರೋಣನಿಗಾಗಿ, ದುಶ್ಶಾಸನನಿಗಾಗಿ, ಕರ್ಣನಿಗಾಗಿ ಮರುಗುವಂತೆ ಮಗ ಲಕ್ಷಣಕುಮಾರನ ಶವದ ಮುಂದೆಯೂ ನಿಲ್ಲುತ್ತಾನೆ. ಮಗನು ತಂದೆಗೆ ನೀಡಬೇಕಾದ ತರ್ಪಣವನ್ನು ತಂದೆಯೇ ಮಗನಿಗೆ ನೀಡಬೇಕಾಗಿ ಬಂದ ವಿಪರ್ಯಾಸ ಅವನನ್ನು ಅಲ್ಲಿ ಸುಡುತ್ತದೆ. ನೆಲಕ್ಕಾಗಿ ಹೋರಾಡಿದವನಿಗೆ ಆ ನೆಲವನ್ನು ಉಣ್ಣುವವರು ಉಳಿದಿಲ್ಲ. ಆದರೂ ಅವನು ಯುದ್ಧವನ್ನು ಬಿಡುವುದಿಲ್ಲ. ಮ್ಯಾಕ್‌ಬೆತ್ ಬಿಡುವುದಿಲ್ಲ, ವಾಶಿಜು ಬಿಡುವುದಿಲ್ಲ. ಮಕ್ಬೂಲ್ ಒಬ್ಬನು ಬಿಡುತ್ತಾನೆ. ರೂಪದ ಶುದ್ಧಿಯಲ್ಲಿ ಕುರೊಸಾವಾನ ಚಿತ್ರವೇ ಮೇಲೆಂದು ಒಪ್ಪುತ್ತಲೇ, ಕರುಣದ ದೃಷ್ಟಿಯಿಂದ ನಾವು ‘ಮಕ್ಬೂಲ್’ನ ಕೊನೆಯ ದೃಶ್ಯಕ್ಕೆ ಮೊದಲ ಸ್ಥಾನವನ್ನು ಕೊಡುವುದು ಈ ಕಾರಣಕ್ಕಾಗಿ.

ಮಹತ್ವಾಕಾಂಕ್ಷೆಯೆಂದರೆ ತಾನು ಏರಬೇಕೆಂಬ ಆಸೆ ಮಾತ್ರವಲ್ಲ, ತನ್ನ ಅನಂತರವೂ ತಾನು ಉಳಿಯಬೇಕೆಂಬ ಆಸೆ. ನಾಟಕ ಅದನ್ನು ಒಂದೆರಡು ಮಾತುಗಳಲ್ಲಿ ಸೂಚಿಸಿ ಬಿಟ್ಟಿತ್ತು. ತೆರೆ ಅದಕ್ಕೆ ತೊಟ್ಟಿಲನ್ನು ಕಟ್ಟಿ ನೋಡಿತು. ನೈಟ್ಸ್ ಗೇಲಿ ಮಾಡಿದ ಪ್ರಶ್ನೆಯನ್ನು ಆದ್ದರಿಂದ ಇನ್ನೊಮ್ಮೆ, ಗಂಭೀರವಾಗಿಯೇ, ಕೇಳಬೇಕಾಗಿದೆ.